ಗಂಗಾಮಣಿ ಮಿಸ್ಸಿನ ಬಿಳಿ ಬೋರ್ಡು

ಬೆಳಕು ಹರಿಯುವ ಮೊದಲೇ ಗಂಗಾಮಣಿ ಹಂಡೆಯೊಲೆಗೆ ಬೆಂಕಿ ಹಾಕಬೇಕು. ರಾತ್ರಿಯ ಪಾತ್ರೆ ತೊಳೆಯಬೇಕು, ಸಗಣಿ ಬಾಚಬೇಕು, ಎರಡು ಹಸುಗಳ ಹಾಲು ಕರೆಯಬೇಕು. ಅತ್ತೆಗೆ ಸಕ್ಕರೆಯಿಲ್ಲದ ಕಾಫಿ, ಗಂಡನಿಗೆ ಬೆಲ್ಲದ ಕಾಫಿ. ಅಕ್ಕಿಹಿಟ್ಟು ಬೇಯಿಸಿ, ನಾದಿ, ರೊಟ್ಟಿ ಮಾಡಿ, ಮಧ್ಯಾಹ್ನದ ಸಾರನ್ನೂ ಕುದಿಸಿ ಮುಚ್ಚಿಡಬೇಕು. ಕಾಫಿ ಒಣಗಿಸುವ ಕಣದ ಟಾರ್ಪಾಲಿನ ಮೇಲಿನ ಇಬ್ಬನಿ ಕೊಡವಬೇಕು. ಆಮೇಲೆ ಸೀರೆ ಉಟ್ಟು ಯಸಳೂರಿನ ಬಸ್ಸಿಗೆ ಓಡಬೇಕು. ಓಡುವಾಗಲೂ ಅತ್ತೆ ಭದ್ರಮ್ಮನ ದನಿ ಬೆನ್ನಿಗೆ ಬರುತ್ತದೆ: "ಹಿತ್ಲ ಬಾಗ್ಲು ಹಾಕ್ದೇನೇ?"

ಬಸ್ಸಿನಲ್ಲಿ ಕೂತ ಮೇಲೆ ಅವಳು ಮಿಸ್ಸು. ಎಸ್ಟೇಟ್ ಮಾಲೀಕರ ಕಮಿಟಿ ನಡೆಸುವ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ. ಕೆಲಸ ಖಾಯಂ ಅಲ್ಲ. ಪ್ರತಿ ಜೂನ್‌ನಲ್ಲಿ ಹೆಡ್‌ಮಾಸ್ಟರ್ ಯೋಗಾನಂದ "ಈ ವರ್ಷವೂ ಬನ್ನಿ" ಎಂದರೆ ಹೋಗುವುದು, ಅನ್ನದಿದ್ದರೆ ಇಲ್ಲ.

ಅಂಥ ಯೋಗಾನಂದರು ಒಂದು ದಿನ ಅವಳಿಗೆ ಕುರ್ಚಿ ಎಳೆದು ಕೊಟ್ಟರು, ಕಾಫಿ ತರಿಸಿದರು. ಅವಳಿಗೆ ಅನುಮಾನ ಶುರುವಾದದ್ದು ಆಗಲೇ.

ಕಾರಣ ಹೊಸ ಬೋರ್ಡು. ಎರಡು ಸಾವಿರದ ಒಂಬತ್ತರ ದಸರಾ ರಜೆಯಲ್ಲಿ ಕಮಿಟಿಯವರು ತಂದು ಹಾಕಿಸಿದ, ಬೆರಳಿನಲ್ಲಿ ಮುಟ್ಟಿದರೆ ಚಿತ್ರ ಚಲಿಸುವ ಬಿಳಿ ಬೋರ್ಡು. ಮೊದಮೊದಲು ಅದಕ್ಕೆ ಬಟ್ಟೆ ಹೊದಿಸಿ, ಬಂದ ಅತಿಥಿಗಳಿಗೆ ಮಾತ್ರ ತೆಗೆದು ತೋರಿಸುತ್ತಿದ್ದರು. ಉಳಿದ ಮೇಷ್ಟರುಗಳು ಅದರ ಮೇಲೆ ಸಿನಿಮಾ ತೋರಿಸಿದಂತೆ ಪಾಠ ಓಡಿಸಿ ಕೈತೊಳೆದುಕೊಂಡರು. ಗಂಗಾಮಣಿ ಮಾತ್ರ ಮಕ್ಕಳನ್ನೇ ಬೋರ್ಡಿನ ಮುಂದೆ ಬಿಟ್ಟಳು. ಸೆಲ್ಲು, ತಂತಿ, ಬಲ್ಬಿನ ಚಿತ್ರಗಳನ್ನಿಟ್ಟು "ಉರಿಸ್ರೋ ನೋಡನ" ಎಂದು ಹಿಂದಿನ ಬೆಂಚಿನಲ್ಲಿ ಹೋಗಿ ಕೂತಳು. ಏಳನೇ ಕ್ಲಾಸಿನ ಗಗನಾ ತಂತಿಯ ಎರಡೂ ತುದಿಗಳನ್ನು ಸೆಲ್ಲಿನ ಒಂದೇ ಕಡೆಗೆ ಎಳೆದು ಸೇರಿಸಿದಳು. ಬಲ್ಬು ಹತ್ತಲಿಲ್ಲ.

"ಮಿಸ್, ಬೋರ್ಡೇ ಕೆಟ್ಟೋಗೈತೆ."

"ಬೋರ್ಡು ನೆಟ್ಟಗೈತೆ ಕಣೇ. ಯಾಕ್ ಹತ್ತಲಿಲ್ಲ, ಯಾರ್ ಹೇಳ್ತೀರಾ?"

ಆ ಒಂದು ತಪ್ಪಿನ ಮೇಲೆ ಇಡೀ ಪೀರಿಯಡ್ಡು ಜಗಳವಾಡಿಕೊಂಡೇ ಮಕ್ಕಳು ವಿದ್ಯುತ್ ಮಂಡಲ ಕಲಿತರು.

"ನಿಮ್ಮ ಪಾಠಗಳನ್ನೆಲ್ಲ ಬೋರ್ಡಲ್ಲೇ ಸೇವ್ ಮಾಡಿ ಮೇಡಮ್," ಎಂದರು ಯೋಗಾನಂದ, ಅಂದು ತರಿಸಿದ ಕಾಫಿಯನ್ನು ಅವಳತ್ತ ಸರಿಸುತ್ತ. "ಮಕ್ಕಳು ಮಾಡಿದ ತಪ್ಪೆಲ್ಲ ಅಳಿಸ್ಬಿಡಿ. ಸರಿಯಾದ್ದು ಮಾತ್ರ ನೀಟಾಗಿ ಇರ್ಲಿ. ಆಲೂರಲ್ಲಿ ನಮ್ದೇ ಇನ್ನೊಂದು ಸ್ಕೂಲು ಶುರುವಾಗ್ತಿದೆಯಲ್ಲ, ಸೋಮವಾರ ಅಲ್ಲಿಯವರು ಬಂದು ತಗೊಂಡು ಹೋಗ್ತಾರೆ."

"ಅಲ್ಲಿಗೂ ನಾನು ಹೋಗ್ಬೇಕಾ ಸಾರ್?"

"ಛೆ, ನಿಮಗ್ಯಾಕೆ ತೊಂದ್ರೆ? ಪಾಠ ಹೋದ್ರೆ ಸಾಕು."

ಅವಳು ಅರ್ಧ ಕುಡಿದ ಕಾಫಿಯನ್ನು ಮೇಜಿನ ಮೇಲಿಟ್ಟು ಎದ್ದಳು.

ಸ್ಟಾಫ್ ರೂಮಿನಲ್ಲಿ ಕನ್ನಡದ ಹೇಮಶ್ರೀ ಪಕ್ಕಕ್ಕೆ ಸರಿದು ಕೂತಳು. "ಅಕ್ಕಾ, ಆಲೂರಿಗೆ ಪಿಯುಸಿ ಆದ ಹುಡುಗೀರು ಸಾಕಂತೆ. ನಮ್ಮ ಭಾವನ ಮಗಳ್ನೇ ಕೇಳವ್ರೆ. ಬಟನ್ ಒತ್ತಕ್ಕೆ ಬಿ.ಎಡ್ ಯಾಕೆ ಅಂತ ನಗಾಡಿದ್ರಂತೆ."

"ಅದು ಆಲೂರಿಗಲ್ವಾ?"

"ಬಟನ್ನು ಇಲ್ಲೂ ಅದೇಯ ಅಲ್ವೇನಕ್ಕಾ."

ಗಂಗಾಮಣಿಗೆ ಭೂತಮ್ಮ ನೆನಪಾದಳು. ಮದುವೆಯಾಗಿ ಬಂದ ಹೊಸತರಲ್ಲಿ ಆ ಮನೆಯ ಹಸು ಕರೆಯುತ್ತಿದ್ದವಳು ಭೂತಮ್ಮ. ಯಾವ ಹಸು ಒದೆಯುತ್ತದೆ, ಯಾವುದಕ್ಕೆ ಕರು ತೋರಿಸಬೇಕು ಎಂದು ಅಕ್ಕರೆಯಿಂದ ಹೇಳಿಕೊಟ್ಟಳು. ಹೊಸ ಸೊಸೆಯ ಕೈ ಪಳಗಿದ ವಾರವೇ ಭದ್ರಮ್ಮ, "ನಾಳಿಂದ ಬರಬ್ಯಾಡ ಕಣೇ, ನಮ್ಮುಡುಗಿ ಕಲ್ತವ್ಳೆ" ಎಂದುಬಿಟ್ಟರು. ಭೂತಮ್ಮನ ಕೆಲಸ ಹೋಯಿತು, ಗಂಗಾಮಣಿಯ ಬೆಳಗಿನ ನಿದ್ದೆಯೂ ಹೋಯಿತು. ಲಾಭವಾದದ್ದು ಇಬ್ಬರಿಗೂ ಅಲ್ಲ.

ಮನೆಯಲ್ಲಿ ಗಂಡ ದೇವೇಂದ್ರನಿಗೆ ಹೇಳಿದಳು. ಅವನು ರೊಟ್ಟಿ ಮುರಿಯುತ್ತಲೇ ಅಂದ: "ಬ್ಯಾಡ ಅಂದ್ರೆ ಬುಟ್ಬುಡು ಮಾರಾಯ್ತಿ. ಕಣ ನೋಡ್ಕಳಕ್ಕೆ ಆಳೇ ಸಿಗ್ತಿಲ್ಲ."

ಅವನ ದನಿಯಲ್ಲಿ ಕುಹಕವಿರಲಿಲ್ಲ. ಅದೇ ಅವಳನ್ನು ಹೆದರಿಸಿದ್ದು. ಶಾಲೆ ಬೇಡವೆಂದ ಮರುದಿನವೇ ಈ ಮನೆ ಅವಳನ್ನು ಪೂರ್ತಿ ನುಂಗಲು ಬಾಯಿ ತೆರೆದು ಕೂತಿತ್ತು, ಅದೂ ಪ್ರೀತಿಯಿಂದ.

ಶನಿವಾರ ಮಧ್ಯಾಹ್ನ ಮಕ್ಕಳು ಹೋದ ಮೇಲೆ ಯೋಗಾನಂದರು ಬೋರ್ಡಿನ ಕೋಣೆಯ ಬೀಗದ ಕೈ ಕೊಟ್ಟು, "ಮುಗಿಸ್ಬಿಡಿ" ಎಂದು ಕಮಿಟಿಯ ಮೀಟಿಂಗಿಗೆ ಹೋದರು. ಗಂಗಾಮಣಿ ಒಬ್ಬಳೇ ಒಳಗೆ ಬಂದು ಪ್ರೊಜೆಕ್ಟರ್ ಹಾಕಿದಳು. ಗಗನಾ ಬಿಟ್ಟುಹೋದ ಪುಟ ಬಿಳಿ ಬೋರ್ಡಿನ ಮೇಲೆ ಮೂಡಿತು. ಹೇಳಿದಂತೆ ತಂತಿಯ ಒಂದು ತುದಿಯನ್ನು ಬೆರಳಿನಿಂದ ಎಳೆದು ಸೆಲ್ಲಿನ ಆ ಕಡೆಗೆ ಸೇರಿಸಿದಳು. ಬಲ್ಬು ಹಳದಿಯಾಗಿ ಹತ್ತಿಕೊಂಡಿತು. ನೋಡಲು ಚೆನ್ನಾಗಿತ್ತು. ಅದನ್ನು ನೋಡಿದ ಯಾವ ಮಗುವೂ ಇನ್ನೇನೂ ಕೇಳಬೇಕಿರಲಿಲ್ಲ, ಯಾರೂ ಏನೂ ಹೇಳಬೇಕಿರಲಿಲ್ಲ.

ಪಾಠಗಳನ್ನೆಲ್ಲ ಅಳಿಸಿಬಿಟ್ಟು, ಕರೆಂಟ್ ಹೋಗಿತ್ತು ಅನ್ನಬಹುದು. ಅವಳ ಬೆರಳು ಅಳಿಸುವ ಗುಂಡಿಯ ಹತ್ತಿರಕ್ಕೂ ಹೋಯಿತು. ಆದರೆ ಸಂಜೆಗೆ ಗುರುತಿಲ್ಲದಂತೆ ಮುಗಿದುಹೋಗುವ ಕೆಲಸ ಅವಳಿಗೆ ಮನೆಯಲ್ಲೇ ಸಾಕಷ್ಟಿತ್ತು.

ತಂತಿಯನ್ನು ಮತ್ತೆ ಹಿಡಿದು ಗಗನಾ ಇಟ್ಟಿದ್ದ ತಪ್ಪು ಜಾಗಕ್ಕೇ ಎಳೆದಳು. ಬಲ್ಬು ಆರಿತು. ಕೆಳಗೆ ಉತ್ತರ ಬರೆಯಲಿಲ್ಲ. ಬಲ್ಬು ಯಾಕೆ ಹತ್ತಲಿಲ್ಲ ಎಂದು ಕೇಳಲು ಬೋರ್ಡಿನ ಪಕ್ಕ ಒಬ್ಬರು ನಿಲ್ಲಲೇಬೇಕು, ಇಲ್ಲೂ, ಆಲೂರಲ್ಲೂ.

ತಪ್ಪನ್ನು ಯಾಕೆ ಬಿಟ್ಟಿರಿ ಎಂದು ಸೋಮವಾರ ಕೇಳಿದರೆ ಇದನ್ನೇ ಹೇಳಿದರಾಯಿತು. ಗಂಗಾಮಣಿ ಆ ಪುಟವನ್ನು ಹಾಗೆಯೇ ಸೇವ್ ಮಾಡಿ ಮುಂದಿನ ಪುಟ ತೆರೆದಳು.