ಲಕ್ಷ್ಮೀಕಾಂತ ಬಸಿದ ಮ್ಯಾಕರೋನಿ

ಅಂಗಡಿ ಇಟ್ಟವನು ಗಿರಾಕಿಯನ್ನು ಹೊಗಳಬಾರದು. ಇವತ್ತು ಹೊಗಳಿಸಿಕೊಂಡವನು ನಾಳೆ ಅದೇ ಧೈರ್ಯದ ಮೇಲೆ ಚೌಕಾಸಿಗೆ ನಿಲ್ಲುತ್ತಾನೆ. ಆದರೂ ಮೋಟಾರ್ ವೈಂಡಿಂಗ್ ಲಕ್ಷ್ಮೀಕಾಂತನ ವಿಷಯದಲ್ಲಿ ಈ ನಿಯಮ ಮುರಿಯಬೇಕಾಗಿದೆ. ನಮ್ಮ ಬೀದಿಯ ನಾಲ್ಕಾರು ಗಂಡಸರು ಇವತ್ತು ಒಲೆ ಹಚ್ಚಿ ಒಂದು ಹೊತ್ತಿನ ಊಟ ತಾವೇ ಮಾಡಿಕೊಳ್ಳಬಲ್ಲರು ಅಂದರೆ ಆ ಪುಣ್ಯ ಅವನದು. ಆ ಗಂಡಸರಲ್ಲಿ ನಾನೂ ಒಬ್ಬ. ಎದುರಿಗೆ ಹೇಳಿದರೆ ಉಬ್ಬಿಹೋಗುತ್ತಾನೆ, ಅದಕ್ಕೇ ಬರೆಯುತ್ತಿದ್ದೇನೆ.

ತುಮಕೂರಿನ ಶೆಟ್ಟಿಹಳ್ಳಿ ರಸ್ತೆಯಲ್ಲಿ ನನ್ನದು ದಿನಸಿ ಅಂಗಡಿ. ಎದುರುಗಡೆ ಅವನ ಮಳಿಗೆ. ಒಳಗೆ ತಾಮ್ರದ ತಂತಿ, ವಾರ್ನಿಷ್ ವಾಸನೆ, ಗುಬ್ಬಿ ಕಡೆಯ ತೋಟಗಳಿಂದ ಟೆಂಪೋ ಹತ್ತಿ ಬಂದ ಸುಟ್ಟ ಪಂಪುಗಳು. ಮನುಷ್ಯರ ಜೊತೆ ಅವನ ಮಾತು ಕಡಿಮೆ. ಮೋಟಾರು ಬಿಚ್ಚಿದರೆ ಮಾತ್ರ ಮುಖಕ್ಕೆ ಕಳೆ ಬರುತ್ತಿತ್ತು. ಹೆಂಡತಿ ಸ್ವರ್ಣಲತಾ ಕುಣಿಗಲ್ಲಿನವಳು. ಊರಾಚೆಯ ಸತ್ಯಮಂಗಲದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಅಪರ್ಣ ಐದನೇ ಕ್ಲಾಸು, ಚಿಕ್ಕವಳು ಆಗ ತಾನೇ ಸ್ಲೇಟು ಹಿಡಿದಿದ್ದಳು.

ತೊಂಬತ್ತೊಂಬತ್ತನೇ ಇಸವಿಯ ಮಳೆಗಾಲ ಮುಗಿಯುವ ಹೊತ್ತಿಗೆ ಕಂಪನಿಯವರು ಒಂದು ಮಾತು ಹೇಳಿದರು. ಸೆಕೆಂಡ್ ಶಿಫ್ಟಿಗೆ ಬರುವವರನ್ನು ಖಾಯಂ ಮಾಡುತ್ತೇವೆ, ಬರಲಾಗದವರು ಮನೆಯಲ್ಲಿರಬಹುದು. ಖಾಯಂ ಅನ್ನುವ ಪದಕ್ಕೆ ನಮ್ಮೂರಿನಲ್ಲಿ ಮದುವೆಗಿಂತ ಹೆಚ್ಚು ಮರ್ಯಾದೆ. ಸ್ವರ್ಣಲತಾ ಹೂಂ ಅಂದಳು. ಮಧ್ಯಾಹ್ನ ಹೋದರೆ ಬರುವುದು ಮಕ್ಕಳು ಮಲಗಿದ ಮೇಲೆ.

ಮಧ್ಯಾಹ್ನದ ಅಡುಗೆ ಅವಳೇ ಮುಗಿಸಿ ಹೋಗುತ್ತಿದ್ದಳು. ಸಾಯಂಕಾಲದ್ದೇ ತಾಪತ್ರಯ. ಸ್ಕೂಲಿಂದ ಹಸಿದು ಬಂದ ಮಕ್ಕಳಿಗೆ ಲಕ್ಷ್ಮೀಕಾಂತ ಮೊದಲ ವಾರವೆಲ್ಲಾ ಬೇಕರಿಯ ಪಫ್ಸು, ಬನ್ನು ತಿನ್ನಿಸಿದ. ಚಿಕ್ಕವಳಿಗೆ ಹೊಟ್ಟೆನೋವು ಬಂತು. ಈ ಸುದ್ದಿ ಗುಬ್ಬಿ ಬಸ್ಸಿಗಿಂತ ಮುಂಚೆ ಗುಬ್ಬಿ ದಾಟಿ, ಹಳ್ಳಿಯಲ್ಲಿದ್ದ ಅವನ ತಾಯಿ ಹನುಮಂತಮ್ಮನ ಕಿವಿಗೆ ಬಿತ್ತು. ಅಲ್ಲಿಂದ ಅಪ್ಪಣೆ ಬಂತು: "ಅವರೇಕಾಯಿ ಕಾಲಕ್ಕೆ ಬತ್ತೀನಿ. ಅಷ್ಟ್ರೊಳಗೆ ಸ್ವರ್ಣ ಕೆಲ್ಸ ಬುಟ್ಟಿರ್ಬೇಕು. ಇಲ್ದಿದ್ರೆ ದೊಡ್ಡವ್ಳನ್ನ ನಾನು ಕರ್ಕೊಂಡೋಗಿ ಇಲ್ಲೇ ಸ್ಕೂಲಿಗೆ ಸೇರುಸ್ತೀನಿ."

ಒಂದು ಕಡೆ ಹೆಂಡತಿಯ ಕೆಲಸ, ಇನ್ನೊಂದು ಕಡೆ ಮಗಳು. ಲಕ್ಷ್ಮೀಕಾಂತ ನನ್ನ ಅಂಗಡಿ ಮುಂದೆ ಬಂದು ನಿಂತ.

"ಶೆಟ್ರೇ, ಬೇಗ ಆಗೋ ಅಂಥದ್ದು ಏನೈತೆ?"

"ಏನು ಬೇಗ ಆಗಬೇಕು?"

"ಅಡುಗೆ."

"ಮಾಡೋರು ಯಾರು?"

ಕಳ್ಳನನ್ನು ತೋರಿಸುವ ಹಾಗೆ ತನ್ನನ್ನೇ ತೋರಿಸಿಕೊಂಡ.

ಆ ಕಾಲಕ್ಕೆ ನನ್ನ ಹತ್ತಿರ ಒಂದು ಮೂಟೆ ಮ್ಯಾಕರೋನಿ ಇತ್ತು. ಮಂಡಿಪೇಟೆಯ ವ್ಯಾಪಾರಿ ಮೈದಾ ಜೊತೆ ಕೊರಳಿಗೆ ಕಟ್ಟಿ ಕಳಿಸಿದ್ದು. ಗಾಜಿನ ಜಾಡಿಯಲ್ಲಿ ತುಂಬಿ ಮುಂದಿಟ್ಟಿದ್ದೆ. ನೋಡಿದವರು ಇದನ್ನು ದಾರಕ್ಕೆ ಪೋಣಿಸುತ್ತಾರಾ ಅಂತ ಕೇಳುತ್ತಿದ್ದರೇ ಹೊರತು ಕೊಳ್ಳುತ್ತಿರಲಿಲ್ಲ.

"ಇದು ತಗೊಂಡು ಹೋಗು. ಚಿಟಿಕೆ ಹೊಡೆಯೋದರಲ್ಲಿ ಊಟ."

"ಮಾಡೋದು ಹೆಂಗೆ?"

"ನಾನು ಫಿನಾಯಿಲೂ ಮಾರ್ತೀನಪ್ಪ, ಕುಡಿದು ನೋಡಿಲ್ಲ."

ಮನೆಗೆ ಹೋದವನು ಅನ್ನಕ್ಕಿಡುವ ಹಾಗೆ ಅಳತೆಯ ನೀರು ಹುಯ್ದು ಕುಕ್ಕರಿಗೆ ಇಟ್ಟ. ಮುಚ್ಚಳ ತೆಗೆದಾಗ ಒಳಗೆ ಕೊಳವೆಯೂ ಇಲ್ಲ, ಏನೂ ಇಲ್ಲ, ಬೆಳ್ಳಗೆ ಒಂದೇ ಗಡ್ಡೆ. ಬೇರೆ ಊರಿನವನಾಗಿದ್ದರೆ ಚೆಲ್ಲುತ್ತಿದ್ದ. ಇವನು ರಾಗಿಮುದ್ದೆ ತಿಂದು ಬೆಳೆದವನು. ಗಡ್ಡೆ ಕಂಡ ತಕ್ಷಣ ಕೈ ತಾನಾಗಿ ಮುದ್ದೆ ಕೋಲಿಗೆ ಹೋಯಿತು. ಚೆನ್ನಾಗಿ ತಿರುವಿ, ಕೈಗೆ ನೀರು ಹಚ್ಚಿಕೊಂಡು ಉಂಡೆ ಕಟ್ಟಿ, ಬೆಳಗ್ಗಿನ ಸಾರಿನ ಜೊತೆ ಮಕ್ಕಳ ತಟ್ಟೆಗೆ ಹಾಕಿದ.

ಮಾರನೇ ದಿನ ಅಪರ್ಣ ನನ್ನ ಹೆಂಡತಿ ವನಜಾಕ್ಷಿಗೆ ವರದಿ ಕೊಟ್ಟಳು. "ಆಂಟಿ, ಅಪ್ಪ ಬಿಳೀ ಮುದ್ದೆ ಮಾಡಿದ್ರು. ಗಂಟಲಲ್ಲಿ ನಿಂತ್ಕೊಂಡು ಇಳೀಲೇ ಇಲ್ಲ. ಚಿಕ್ಕವಳು ಅದರಲ್ಲಿ ಗಣಪತಿ ಮಾಡಿದ್ಲು. ಒಣಗಿದೆ, ಚೆನ್ನಾಗಿದೆ."

ಹಿಂದೆಯೇ ಅಪ್ಪನೂ ಬಂದ. "ಗೋಂದು ಕೊಟ್ಟಿದ್ದೀರ ಶೆಟ್ರೇ. ಗೋಡೆಗೆ ಪೋಸ್ಟರ್ ಅಂಟಿಸಬಹುದು."

ನಾನು ಬಾಯಿ ತೆರೆಯುವ ಮೊದಲು ವನಜಾಕ್ಷಿ ವಿಚಾರಣೆ ಶುರು ಮಾಡಿದಳು.

"ಕುಕ್ಕರಿಗೆ ಹಾಕಿದ್ರಾ? ಎಷ್ಟು ಕೂಗು ಕೂಗಿಸಿದ್ರಿ?"

"ಮಕ್ಕಳು ಕೂಗೋವರೆಗೂ ಅಕ್ಕ."

"ನಿಮ್ಮವ್ವ ಬಸ್ಸಾರು ಮಾಡೋದು ನೋಡಿಲ್ವಾ? ಸೊಪ್ಪು ಕಾಳು ಹೇಗೆ ಬೇಯಿಸ್ತಾರೆ?"

"ದೊಡ್ಡ ಪಾತ್ರೇಲಿ. ಮುಳುಗೋ ಹಂಗೆ ನೀರು ಇಟ್ಟು."

"ಆಮೇಲೆ?"

"ಮುಚ್ಚಳ ಅಡ್ಡ ಹಿಡಿದು ನೀರು ಬಸೀತಾರೆ."

"ಇದನ್ನೂ ಹಂಗೇ ಬಸೀರಿ. ನೀರು ಕುದಿ ಬಂದ ಮೇಲೆ ಉಪ್ಪು ಹಾಕಿ, ಇದನ್ನ ಹಾಕಿ. ಮುಚ್ಚಬೇಡಿ. ಒಂದು ತೆಗೆದು ಕಚ್ಚಿ ನೋಡಿ, ಹಲ್ಲಿಗೆ ಸಿಗಬೇಕು, ಅಂಟಬಾರದು. ಬಸಿದ ನೀರನ್ನ ಪೂರ್ತಿ ಚೆಲ್ಲಬೇಡಿ, ಒಂದು ಲೋಟ ಒಗ್ಗರಣೆಗೆ ಬಿಡಿ, ಮೈಗೆ ಹತ್ತುತ್ತೆ."

ವನಜಾಕ್ಷಿಯೂ ಅದುವರೆಗೆ ಮ್ಯಾಕರೋನಿ ಮಾಡಿದವಳಲ್ಲ. ಆದರೆ ಅಡುಗೆಯಲ್ಲಿ ಸಲಹೆ ಕೊಡುವುದಕ್ಕೆ ಮಾಡಿರಲೇಬೇಕು ಅನ್ನುವ ಕಾನೂನು ಅವಳಿಗಿಲ್ಲ. ಈ ಸಲ ಅದರಿಂದ ಲೋಕಕ್ಕೆ ಉಪಕಾರವಾಯಿತು.

ಅವತ್ತಿನಿಂದ ಲಕ್ಷ್ಮೀಕಾಂತನ ಕೈ ಕುದುರಿತು. ಮಳಿಗೆಯ ಷಟರ್ ಎಳೆದು ಬಂದವನೇ ನೀರಿಗಿಡುವುದು. ನೀರು ಕುದಿಯುವಷ್ಟರಲ್ಲಿ ಈರುಳ್ಳಿ, ಟೊಮೆಟೊ, ಹಸಿಮೆಣಸಿನಕಾಯಿ ಹೆಚ್ಚಿ ಮುಗಿಸುವುದು. ಮ್ಯಾಕರೋನಿ ಬೇಯುವಷ್ಟರಲ್ಲಿ ಸಾಸಿವೆ, ಕರಿಬೇವಿನ ಒಗ್ಗರಣೆ ಹಾಕಿ ಟೊಮೆಟೊ ಬಾಡಿಸುವುದು. ಮಕ್ಕಳ ಹೋಂವರ್ಕ್ ಮುಗಿಯುವುದಕ್ಕೆ ಮುಂಚೆ ತಟ್ಟೆಗೆ ಬಿಸಿಬಿಸಿ. ಒಂದು ದಿನ ಮೆಂತ್ಯ ಸೊಪ್ಪು ಬಾಡಿಸಿ ತೆಂಗಿನ ಹಾಲು ಬಿಡುವನು. ಇನ್ನೊಂದು ದಿನ ಮಧ್ಯಾಹ್ನ ಮಿಕ್ಕಿದ ಹುರುಳಿಕಾಯಿ ಪಲ್ಯವನ್ನೇ ಕಲಸಿ, ನಿಂಬೆಹಣ್ಣು ಹಿಂಡಿ, ಕೊತ್ತಂಬರಿ ಉದುರಿಸುವನು. ಚಿಕ್ಕವಳು ಕೊಳವೆಗಳನ್ನು ಬೆರಳಿಗೆ ಉಂಗುರದ ಹಾಗೆ ಹಾಕಿಕೊಂಡು ಒಂದೊಂದಾಗಿ ತಿನ್ನುತ್ತಿದ್ದಳು. ಹೊಟ್ಟೆನೋವಿನ ಸುದ್ದಿ ನಿಂತಿತು.

ಬೀದಿಯ ಗಂಡಸರು ಸುಮ್ಮನಿರುತ್ತಾರೆಯೇ? ಸೈಕಲ್ ಶಾಪಿನ ದೊಡ್ಡರಂಗಯ್ಯ ಟೀ ಅಂಗಡಿ ಬೆಂಚಿನಿಂದಲೇ ಕೂಗಿದ. "ಏನ್ಲಾ ಕಾಂತ, ನಾಳೆ ಯಾವ್ ಕಲರ್ ಸೀರೆ ಉಡ್ತೀಯಾ?"

"ನಿನ್ ಹೆಂಡ್ತಿ ತೌರಿಗೋದಾಗ ಹೋಟ್ಲು ಮುಂದೆ ಕ್ಯಾರಿಯರ್ ಹಿಡ್ಕೊಂಡು ನಿಂತಿರ್ತೀಯಲ್ಲ, ಅವತ್ತು ಬಾ. ಆಗ ಹೇಳ್ತೀನಿ."

ಬೆಂಚು ನಕ್ಕಿತು. ದೊಡ್ಡರಂಗಯ್ಯನ ಹೆಂಡತಿ ತೌರಿಗೆ ಹೋದ ಮೊದಲ ದಿನವೇ ಅವನು ನನ್ನ ಅಂಗಡಿಗೆ ಬಂದು ಮೆಲ್ಲಗೆ, "ಶೆಟ್ರೇ, ಕಾಂತ ತಗೊಂಡು ಹೋಗ್ತಾನಲ್ಲ, ಅದು" ಅಂದ. ಮೂಟೆ ಖಾಲಿಯಾಯಿತು. ಮುಂದಿನದನ್ನು ನಾನೇ ಬಾಯಿಬಿಟ್ಟು ಕೇಳಿ ತರಿಸಿದೆ.

ಅವರೇಕಾಯಿ ಕಾಲ ಬಂತು, ಸೊಂಟದ ಮೇಲೆ ಚೀಲ ಇಟ್ಟುಕೊಂಡು ಹನುಮಂತಮ್ಮನೂ ಬಂದರು. ಸ್ವರ್ಣಲತಾ ಕೆಲಸ ಬಿಟ್ಟಿರಲಿಲ್ಲ. ಅಂದು ಮಧ್ಯಾಹ್ನ ಅವಳು ಶಿಫ್ಟಿಗೆ ಹೋಗುವಾಗ ಅತ್ತೆ ಆಡಿದ್ದು ಒಂದೇ ಮಾತಂತೆ: "ಹೋಗಿ ಬಾ. ನಾಳೆ ಬೆಳಗ್ಗೆ ಮಾತಾಡನ."

ಲಕ್ಷ್ಮೀಕಾಂತ ನನ್ನ ಹತ್ತಿರ ಓಡಿ ಬಂದ. "ಶೆಟ್ರೇ, ಸಾಯಂಕಾಲ ನೀವೂ ಅಕ್ಕನೂ ಊಟಕ್ಕೆ ಬರ್ಲೇಬೇಕು. ಹೊರಗಿನೋರ ಮುಂದೆ ಅವ್ವ ಬಯ್ಯಲ್ಲ."

ಮೋಟಾರಿನ ವಿಷಯದಲ್ಲಿ ಅವನ ಅಂದಾಜು ತಪ್ಪುವುದಿಲ್ಲ. ತಾಯಿಯ ವಿಷಯದಲ್ಲಿ ತಪ್ಪಿತು. ನಾವು ಹೋಗಿ ಕೂತಾಗ ಹನುಮಂತಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡು ಬಯ್ಯುತ್ತಲೇ ಇದ್ದರು.

"ನಮ್ ವಂಶ್ದಲ್ಲಿ ಗಂಡುಸ್ರು ಒಲೆ ಮುಂದೆ ನಿಂತಿದ್ದು ನಾನ್ ಕಾಣೆ. ನಿಮ್ಮಪ್ಪ ಬೀಡಿ ಹಚ್ಚಕ್ಕೂ ಕೆಂಡ ತಂದ್ಕೊಡು ಅಂತಿದ್ರು ಕಣ್ಲಾ."

ಅಪರ್ಣ ಮೂಲೆಯಲ್ಲಿ ಪುಸ್ತಕ ಹಿಡಿದು ಕೂತಿದ್ದಳು. ಅಜ್ಜಿ ಯಾಕೆ ಬಂದಿದ್ದಾರೆ ಅನ್ನುವುದು ಅವಳಿಗೆ ಗೊತ್ತು. ನಾವು ಬಂದಾಗ ತೆರೆದಿದ್ದ ಪುಟವೇ ಕೊನೆಯವರೆಗೂ ತೆರೆದಿತ್ತು.

ಲಕ್ಷ್ಮೀಕಾಂತ ತಾಯಿ ತಂದ ಅವರೆಯನ್ನೇ ನೆನೆಹಾಕಿ, ಹಿತುಕಿ, ಬೇಯಿಸಿ ಇಟ್ಟಿದ್ದ. ಹನುಮಂತಮ್ಮ ಹಸೀ ಮ್ಯಾಕರೋನಿ ಒಂದನ್ನು ಎತ್ತಿ ಬಲ್ಬಿಗೆ ಹಿಡಿದು ನೋಡಿದರು.

"ಇದೇನ್ಲಾ, ಈ ಕಡೆಯಿಂದ ಆ ಕಡೀಕೆ ತೂತು? ಹುಳ ಬಿದ್ದಿರೋದ್ನ ಕೊಟ್ಟವ್ರಾ ನಿಮ್ ಶೆಟ್ರು?"

"ಇಲ್ಲ ಕಣಮ್ಮ, ಹುಟ್ಟಿದ್ದೇ ಹಾಗೆ" ಅಂದೆ. ನನ್ನ ವ್ಯಾಪಾರದ ಮಾನ ಕಾಯುವುದಕ್ಕೆ ಅಷ್ಟು ಮಾತು ಸಾಕಾಯಿತು. ಮುಂದಿನದು ಅವನ ಪಾಡು.

ಮ್ಯಾಕರೋನಿ ಬೆಂದಿತು. ಲಕ್ಷ್ಮೀಕಾಂತ ಒಂದು ತೆಗೆದು ಕಚ್ಚಿ ನೋಡಿ, ಬಟ್ಟೆ ಹಿಡಿದು ಪಾತ್ರೆ ಇಳಿಸಿದ, ಮುಚ್ಚಳ ಅಡ್ಡ ಒತ್ತಿ ಬಗ್ಗಿಸಿದ. ಹಬೆ ಮುಖಕ್ಕೆ ಎದ್ದಿತು. ಹನುಮಂತಮ್ಮ ಒರಗಿದ್ದ ಬಾಗಿಲು ಬಿಟ್ಟು ಎದ್ದುಬಿಟ್ಟರು.

"ಲೇ, ಮುಚ್ಳ ಬಿಗ್ಯಾಗಿ ಹಿಡ್ಕಳಾ! ಕೈ ಮ್ಯಾಲೆ ಸುರ್ಕೊಂತೀಯ!"

ಅವನು ಸುರಿದುಕೊಳ್ಳಲಿಲ್ಲ. ಒಂದು ಲೋಟ ನೀರು ಬೇರೆ ಎತ್ತಿಟ್ಟು, ಮಿಕ್ಕಿದ್ದನ್ನು ಬಚ್ಚಲಿಗೆ ಬಸಿದ. ತಾಯಿ ನೋಡುತ್ತಾ ನಿಂತರು.

"ಈ ಥರ ಬಸ್ಯದು ಯಾರ್ ಕಲ್ಸುದ್ರು?"

"ನೀನೇ ಕಣವ್ವ."

"ನಾನ್ಯಾವಾಗ್ ಕಲ್ಸ್ದೆ?"

"ಊರಲ್ಲಿ ನೀನು ಬಸ್ಸಾರು ಬಸೀವಾಗ ನಾನು ಪಕ್ಕದಲ್ಲೇ ಕೂತಿರ್ತಿದ್ನಲ್ಲ."

ಒಗ್ಗರಣೆ ಚಟಪಟ ಅಂದಿತು, ಅವರೆಬೇಳೆ ಬಿತ್ತು, ಬಸಿದ ನೀರು ಬಿತ್ತು, ಮನೆಯೆಲ್ಲಾ ಸೊಗಡಿನ ಘಮ. ಮೊದಲ ತಟ್ಟೆಯನ್ನು ಅವನು ತಾಯಿಯ ಮುಂದೆ ಇಟ್ಟ.

"ಮೊದ್ಲು ಮಕ್ಳಿಗಿಕ್ಕು."

"ಅವರಿಗೂ ಐತೆ. ನೀನು ಕೂತ್ಕೊ ಅವ್ವ. ನಾನು ಬಡಿಸ್ತೀನಿ."

ಕೂತರು. ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದನ್ನೇ ನೋಡಿದರು. ನಾನು ಏನೋ ತಮಾಷೆ ಮಾಡುವವನಿದ್ದೆ, ವನಜಾಕ್ಷಿ ಮೊಣಕೈಯಲ್ಲಿ ತಿವಿದಳು. ಗಂಡ, ಮಾವ, ಮೈದುನರು, ಮಕ್ಕಳು ಎಲ್ಲರಿಗೂ ಇಕ್ಕಿ, ಮಿಕ್ಕಿದ್ದನ್ನು ಒಲೆ ಪಕ್ಕ ಕೂತು ಉಂಡ ಹೆಂಗಸು. ಗಂಡುಕೈ ಅಡುಗೆ ಮಾಡಿ, ಕೂರಿಸಿ, ಮೊದಲು ಅವರಿಗೆ ಇಕ್ಕಿದ್ದು ಅದೇ ಮೊದಲಂತೆ. ಅದನ್ನು ಅವರು ಆಮೇಲೆ ವನಜಾಕ್ಷಿಯ ಹತ್ತಿರ ಮಾತ್ರ ಹೇಳಿದರು.

ತಟ್ಟೆ ಖಾಲಿ ಮಾಡಿ, "ಉಪ್ಪು ಒಂಚೂರು ಕಮ್ಮಿ" ಅಂದರು. ಹಾಗಂದವರೇ ತಟ್ಟೆಯನ್ನು ಮತ್ತೆ ಮುಂದಕ್ಕೆ ಚಾಚಿದರು. ಅಪರ್ಣಳ ವಿಷಯ ಮಾತ್ರ ಎತ್ತಲೇ ಇಲ್ಲ.

ಬೆಳಗ್ಗೆ ನಾನು ಅಂಗಡಿ ತೆಗೆದು ಊದುಬತ್ತಿ ಹಚ್ಚುವಷ್ಟರಲ್ಲಿ ಅತ್ತೆ ಗುಬ್ಬಿ ಬಸ್ಸಿಗೆ ಅಂತ, ಸೊಸೆ ಬಸ್ಸು ಹತ್ತಿಸುವುದಕ್ಕೆ ಅಂತ ಹೊರಟು ಬಂದರು. ಹಿಂದೆ ಅಪರ್ಣ. ಸ್ವರ್ಣಲತಾಳ ಕಣ್ಣು ನೋಡಿದರೆ ನಿದ್ದೆ ಮಾಡಿದ ಹಾಗಿರಲಿಲ್ಲ. ಹನುಮಂತಮ್ಮ ನನ್ನ ಅಂಗಡಿ ಮುಂದೆ ನಿಂತು, ನನ್ನನ್ನಲ್ಲ, ಸೊಸೆಯನ್ನು ಕೇಳಿದರು.

"ಖಾಯಂ ಮಾಡದು ಯಾವಾಗಂತೆ?"

"ಯುಗಾದಿ ಹೊತ್ತಿಗೆ ಅಂದವ್ರೆ ಅತ್ತೆ."

"ಅಲ್ಲೀಗಂಟ ಒಂದಿನಾನೂ ರಜಾ ಹಾಕ್ಬ್ಯಾಡ. ಮಕ್ಳು ಇಲ್ಲೇ ಇರ್ಲಿ. ಉಣ್ಣಕ್ಕಿಕ್ಕಕ್ಕೆ ಅವ್ರಪ್ಪ ಅವ್ನೆ."

ಸ್ವರ್ಣಲತಾ ಅಕ್ಕಿ ಮೂಟೆಗಳ ಪಕ್ಕದಲ್ಲೇ ಬಗ್ಗಿ ಅತ್ತೆಯ ಕಾಲು ಹಿಡಿದಳು. "ಏಳೇ, ಬಸ್ಸು ಬತ್ತದೆ" ಅಂದರು ಹನುಮಂತಮ್ಮ. ಅಪರ್ಣ ಯಾರಿಗೂ ಹೇಳದೆ ಮನೆ ಕಡೆ ಓಡಿದಳು, ಅಪ್ಪನಿಗೆ ಸುದ್ದಿ ಮುಟ್ಟಿಸಲು.

ಆಮೇಲೆ ನನ್ನ ಕಡೆ ತಿರುಗಿದರು. "ಆ ತೂತಿಂದು ಒಂದಷ್ಟು ಕಟ್ಟಿಕೊಡಿ ಶೆಟ್ರೇ."

"ನಿಮಗಾ ಅಮ್ಮ?"

"ನನ್ಗ್ಯಾಕೆ? ಊರಲ್ಲಿ ಚಿಕ್ಕ ಮಗ ಒಬ್ಬ ಕಾಲ್ ಚಾಚ್ಕೊಂಡು ಕೂತವ್ನೆ. ಅವ್ನೂ ವಸಿ ಒಲೆ ಮುಂದೆ ನಿಂತ್ಕಳ್ಲಿ."

ಕಟ್ಟಿಕೊಟ್ಟೆ. ಅವತ್ತು ತೂಕದಲ್ಲಿ ನನ್ನ ಕೈ ಧಾರಾಳವಾಗಿತ್ತು. ಇದನ್ನು ಗಿರಾಕಿಗಳು ಅಭ್ಯಾಸ ಅಂತ ತಿಳಿಯಬಾರದು.

ಯುಗಾದಿಗೆ ಸ್ವರ್ಣಲತಾ ಖಾಯಂ ಆದಳು. ಮುಂದೆ ಕುಣಿಗಲ್ಲಿನ ಮಾವನ ಮನೆಯಲ್ಲೂ ಅಳಿಯ ಒಲೆ ಮುಂದೆ ನಿಂತ, ಮಾವ ಸಂಕೋಚಕ್ಕೆ ಬೀದಿಬಾಗಿಲು ಮುಚ್ಚಿಸಿ ಹೊಟ್ಟೆತುಂಬಾ ಉಂಡರು. ಎರಡು ಸಾವಿರದ ನಾಲ್ಕರಲ್ಲಿ ವನಜಾಕ್ಷಿ ಆಪರೇಷನ್ ಆಗಿ ಮಲಗಿದಾಗ ಲಕ್ಷ್ಮೀಕಾಂತ ಮೊದಲ ಸಾಯಂಕಾಲ ತಾನೇ ಬಂದು ಅಡುಗೆ ಮಾಡಿದ. ಎರಡನೇ ಸಾಯಂಕಾಲ ಬಟ್ಟೆ, ಮುಚ್ಚಳ ನನ್ನ ಕೈಗೆ ಕೊಟ್ಟು, "ಬಸೀರಿ ಶೆಟ್ರೇ" ಅಂತ ಪಕ್ಕದಲ್ಲಿ ನಿಂತ. ನಾನು ಮಾಡಿದ್ದನ್ನು ವನಜಾಕ್ಷಿ ಮಂಚದ ಮೇಲೆ ಕೂತು, ಏನೂ ತಪ್ಪು ಹೇಳದೆ ತಿಂದಳು. ಅವಳ ಬಾಯಿಂದ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಈವರೆಗೆ ಸಿಕ್ಕಿಲ್ಲ. ಅದನ್ನು ಕೊಡಿಸಿದವನು ಎದುರು ಮಳಿಗೆಯಲ್ಲಿ ಈಗಲೂ ತಂತಿ ಸುತ್ತುತ್ತಾ ಕೂತಿದ್ದಾನೆ.