ಮಣಿಯ ಕ್ಯಾಸೆಟ್ಟಿಗೆ ನಾನು ಹಾಡಿದ ಪ್ರಾರ್ಥನೆ

ನಮ್ಮ ಮನೆಯ ಬೀರುವಿನಲ್ಲಿ, ಸೀರೆಗಳ ಕೆಳಗೆ ಹಾಸಿದ ಹಳೆಯ ದಿನಪತ್ರಿಕೆಯ ಮಡಿಕೆಯೊಳಗೆ, ಒಂದು ಕ್ಯಾಸೆಟ್ ಇದೆ. ಅದರ ಬೆನ್ನಿನ ಎಡಮೂಲೆಯಲ್ಲಿ ಹೆಬ್ಬೆರಳ ಉಗುರಿಗಿಂತ ಚಿಕ್ಕದಾದ ಸೆಲೋಟೇಪಿನ ಚೂರೊಂದು ಅಂಟಿಕೊಂಡಿದೆ. ಕ್ಯಾಸೆಟ್ಟುಗಳ ಕಾಲದಲ್ಲಿ ಬೆಳೆದವರಾದರೆ ಈ ಚೂರಿನ ಅರ್ಥವನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲದವರಿಗಾಗಿ ಹೇಳುತ್ತೇನೆ. ಅಂಗಡಿಯಲ್ಲಿ ಮಾರುವ ಹಾಡಿನ ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಪುಟ್ಟ ಕುಳಿಗಳಿರುತ್ತವೆ. ಅವು ತೆರೆದಿರುವಷ್ಟು ಕಾಲ ಟೇಪ್ ರೆಕಾರ್ಡರಿನ ಕೆಂಪು ಬಟನ್ನು ಎಷ್ಟು ಒತ್ತಿದರೂ ಕೆಳಗಿಳಿಯುವುದಿಲ್ಲ, ಅದರ ಹಾಡಿನ ಮೇಲೆ ಬೇರೆ ಯಾರೂ ರೆಕಾರ್ಡ್ ಮಾಡುವಂತಿಲ್ಲ. ಆದರೆ ಕುಳಿಯ ಮೇಲೆ ಒಂದು ಚೂರು ಟೇಪ್ ಅಂಟಿಸಿಬಿಟ್ಟರೆ ಯಂತ್ರ, ಪಾಪ, ನಂಬಿಬಿಡುತ್ತದೆ. ಪರರ ದನಿಯನ್ನು ಒರೆಸಿ ನಮ್ಮ ದನಿಯನ್ನು ಅಲ್ಲಿ ಕೂರಿಸಬಹುದು. ಇಂಥ ಚೇಷ್ಟೆಯನ್ನು ಸಾಮಾನ್ಯವಾಗಿ ಮಕ್ಕಳು ಮಾಡುತ್ತಾರೆ. ನಾನು ಮಾಡಿದಾಗ ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ, ನಂಜನಗೂಡಿನ ಪದವಿಪೂರ್ವ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ.

ಕ್ಯಾಸೆಟ್ಟು ನಾಗಮಣಿಯದು. ಟಿ. ನರಸೀಪುರದ ನಾಗಮಣಿ ಮತ್ತು ನಾನು ಮೈಸೂರಿನ ಹಾಸ್ಟೆಲಿನಲ್ಲಿ ಎರಡು ವರ್ಷ ಒಂದೇ ಕೋಣೆಯಲ್ಲಿದ್ದವರು. ಇಬ್ಬರೂ ಹಾಡುತ್ತಿದ್ದೆವು. ನಾನು ಎಂಟು ವರ್ಷ ಸಂಗೀತ ಕಲಿತಿದ್ದೆ. ಶ್ರುತಿ ಕೂದಲೆಳೆಯಷ್ಟು ಸರಿದರೂ ನನ್ನ ಹುಬ್ಬು ಗಂಟಿಕ್ಕುತ್ತಿತ್ತು. ಅವಳು ಯಾರ ಬಳಿಯೂ ಕಲಿತವಳಲ್ಲ. ಗಂಟಲಿನಿಂದ ಹಾಡುತ್ತಿದ್ದಳು, ಮೇಲಿನ ಸ್ವರಕ್ಕೆ ಹೋದಾಗ ದನಿ ಒಡೆಯುತ್ತಿತ್ತು, ಒಡೆದದ್ದನ್ನು ಮುಚ್ಚಿಕೊಳ್ಳುವ ಸಂಕೋಚವೂ ಅವಳಿಗಿರಲಿಲ್ಲ. ಸ್ಪರ್ಧೆಗಳಲ್ಲಿ ನನಗೆ ಮೊದಲನೆಯ ಬಹುಮಾನ, ಅವಳಿಗೆ ಎರಡನೆಯದು. ಈ ಕ್ರಮ ಎಷ್ಟು ಸಹಜವಾಗಿತ್ತೆಂದರೆ, ನಮ್ಮ ಸ್ನೇಹ ಈ ಕ್ರಮದ ಮೇಲೆಯೇ ನಿಂತಿತ್ತೆಂದು ನನಗೆ ಆಗ ಹೊಳೆಯಲೇ ಇಲ್ಲ.

ಆಮೇಲೆ ಅವಳು ಬೆಂಗಳೂರಿನ ಯಾವುದೋ ವಾದ್ಯತಂಡ ಸೇರಿಕೊಂಡಳೆಂದು ಕೇಳಿದೆ. ಗಿಟಾರು, ಡ್ರಮ್ಮು, ಕೀಬೋರ್ಡು. ಕನ್ನಡದಲ್ಲಿ ಪಾಪ್ ರಾಕ್ ಹಾಡುತ್ತಾಳಂತೆ ಎಂದರು. ಹಾಡಲಿ ಪಾಪ, ಎಂದುಕೊಂಡೆ. ಈ 'ಪಾಪ' ಎಂಬ ಮಾತು ಎಷ್ಟು ಸುಖದ ಮಾತು, ಗಮನಿಸಿದ್ದೀರಾ? ಅದನ್ನು ಆಡುವವರು ಯಾವಾಗಲೂ ಒಂದು ಮೆಟ್ಟಿಲು ಮೇಲೆ ನಿಂತಿರುತ್ತಾರೆ.

ಆ ಮೆಟ್ಟಿಲು ಒಂದು ಸೋಮವಾರ ಬೆಳಿಗ್ಗೆ ನಂಜನಗೂಡಿನ ಬಸ್ ನಿಲ್ದಾಣದಲ್ಲಿ ಕುಸಿಯಿತು. ಶೌಚಾಲಯದ ಗೋಡೆಯಿಂದ ಹಿಡಿದು ಹಣ್ಣಿನಂಗಡಿಯ ಬೆನ್ನಿನವರೆಗೆ ಒಂದೇ ಮುಖ. ಕತ್ತರಿಸಿದ ಕೂದಲು, ಕಪ್ಪು ಜಾಕೆಟ್ಟು, ಕೈಯಲ್ಲಿ ಮೈಕು. ಕೆಳಗೆ ದಪ್ಪ ಅಕ್ಷರಗಳಲ್ಲಿ 'ಮಣಿ', ಇನ್ನೂ ದಪ್ಪ ಅಕ್ಷರಗಳಲ್ಲಿ ಆಲ್ಬಮ್ಮಿನ ಹೆಸರು, 'ಎರಡನೇ ಬಸ್ಸು'. ಮೊದಲನೇ ಬಸ್ಸು ತಪ್ಪಿಸಿಕೊಂಡು ಹಾಸ್ಟೆಲಿನಿಂದ ಎರಡನೆಯದಕ್ಕೆ ಓಡುತ್ತಿದ್ದ ನಮ್ಮ ಕಾಲೇಜು ದಿನಗಳ ಹೆಸರದು. ಅಷ್ಟರಲ್ಲಿ ಒಂದು ಮೇಕೆ ಬಂದು ಮೈದಾ ಗೋಂದಿನ ರುಚಿಗೆ ಪೋಸ್ಟರಿನ ಒಂದು ಮೂಲೆಯನ್ನು ಕಚ್ಚಿ ಎಳೆಯಿತು. ಮೊದಲು ಜಾಕೆಟ್ಟಿನ ತೋಳು ಹೋಯಿತು, ಆಮೇಲೆ ಗದ್ದ. ನಾನು ನಿಂತು ನೋಡಿದೆ. ಮೂಗಿನವರೆಗೆ ಬರಲಿ ಎಂದು ಕಾದೆ. ಆ ದಿನ ಕಾಲೇಜಿಗೆ ಇಪ್ಪತ್ತು ನಿಮಿಷ ತಡವಾಗಿ ಹೋದೆ. ಕಾರಣ ಕೇಳಿದಾಗ ಬಸ್ಸು ಸಿಗಲಿಲ್ಲವೆಂದೆ.

ಮಾತ್ಸರ್ಯ, ಅಸೂಯೆ ಎಂದು ಪುಸ್ತಕದಲ್ಲಿ ಬರೆದಾಗ ಅದಕ್ಕೊಂದು ಗಾಂಭೀರ್ಯ ಬರುತ್ತದೆ. ಹೊಟ್ಟೆಕಿಚ್ಚು ಎಂದು ಕರೆದ ನಮ್ಮ ಹಿರಿಯರೇ ಸರಿ. ಅದು ಬುದ್ಧಿಯಲ್ಲಿರುವುದಿಲ್ಲ, ಊಟದ ಹೊತ್ತಿನಲ್ಲಿ, ಅನ್ನ ಇಳಿಯಬೇಕಾದ ಜಾಗದಲ್ಲಿ ಕೂತಿರುತ್ತದೆ. ಆ ವಾರವೆಲ್ಲ ಆಟೋವೊಂದು ಮೈಕು ಕಟ್ಟಿಕೊಂಡು ಪೇಟೆ ಸುತ್ತಿತು. 'ನಮ್ಮ ನರಸೀಪುರದ ಮನೆಮಗಳು, ನಿಮ್ಮ ನೆಚ್ಚಿನ ಗಾಯಕಿ' ಎಂದು ಅದು ಕಾಲೇಜಿನ ಮುಂದೆ ಸಾಗುವಾಗ ನಾನು ಕಪ್ಪುಹಲಗೆಯ ಮೇಲೆ ಸಮೀಕರಣ ಸರಿದೂಗಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯರ ಕಾಲುಗಳು ತಾಳ ಹಾಕುತ್ತಿದ್ದವು. ಸಂಜೆ ಕೇಬಲ್ ಟಿವಿಯಲ್ಲಿ, ಸಿನಿಮಾದ ನಡುವೆ, ಸೀರೆ ಅಂಗಡಿಯ ಜಾಹೀರಾತಿನ ಪಕ್ಕದಲ್ಲಿ, ಮತ್ತೆ ಅವಳೇ.

ವಾರದ ಕೊನೆಗೆ ಅವಳೇ ಮನೆಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ಅಮ್ಮನನ್ನು ತಬ್ಬಿಕೊಂಡಳು, ನಡುಮನೆಯಲ್ಲಿ ಕಾಲು ಚಾಚಿ ಕೂತು ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡಳು. ಕಂಪನಿಯವರು ಮೊದಲು ಕಳಿಸಿದ್ದ ನಾಲ್ಕು ಕ್ಯಾಸೆಟ್ಟುಗಳಲ್ಲಿ ಮೂರನ್ನು ಬೆಂಗಳೂರಿನಲ್ಲೇ ಹಂಚಿಯಾಗಿತ್ತು, ಉಳಿದ ಒಂದನ್ನು ನನ್ನ ಕೈಗಿಟ್ಟಳು.

"ಮುಂದಿನ ಭಾನುವಾರ ನಮ್ಮೂರಲ್ಲಿ ಬಿಡುಗಡೆ. ನೀನು ಬರ್ಲೇಬೇಕು ಕಣೇ. ಪ್ರಾರ್ಥನೆ ನಿಂದೇ."

"ಪ್ರಾರ್ಥನೇನಾ?"

"ಇನ್ನೇನು ಮತ್ತೆ? ನಿನ್ನಷ್ಟು ಶುದ್ಧವಾಗಿ ಹಾಡೋರು ಯಾರವ್ರೆ ಹೇಳು."

ನಮ್ಮ ಕಡೆಯ ಸಭೆಗಳಲ್ಲಿ ಪ್ರಾರ್ಥನೆ ಹಾಡುವವಳ ಸ್ಥಾನವನ್ನು ನೀವು ಬಲ್ಲಿರಿ. ಕುರ್ಚಿಗಳು ತುಂಬುವ ಮೊದಲು, ಮೈಕಿನವನು ಕಂಬ ಏರಿಸಿ ಇಳಿಸುತ್ತಿರುವಾಗ, ಗಣ್ಯರು ಹಾರದ ಬುಟ್ಟಿಯ ಕಡೆ ಕಣ್ಣಿಟ್ಟಿರುವಾಗ ಅವಳು ಹಾಡಿ ಮುಗಿಸುತ್ತಾಳೆ. ಅವಳ ಹಾಡಿಗೆ ಎದ್ದು ನಿಲ್ಲುತ್ತಾರೆ, ಕೇಳುವುದಿಲ್ಲ. ಎಂದೂ ಮೊದಲನೆಯ ಬಹುಮಾನ ಬಿಟ್ಟುಕೊಡದ ನನಗೆ ಮಣಿ ಆ ಸ್ಥಾನ ಕೊಟ್ಟಳು; ಅದೂ ಪ್ರೀತಿಯಿಂದ. ಪ್ರೀತಿಯಿಂದ ಕೊಟ್ಟದ್ದನ್ನು ನಿರಾಕರಿಸುವ ಮಾತು ನನಗೆ ಗೊತ್ತಿರಲಿಲ್ಲ. ಆಗಲಿ ಎಂದೆ.

ಅವಳು ಹೋದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಕ್ಯಾಸೆಟ್ ಹಾಕಿದೆ. ಮೊದಲ ಹಾಡಿನ ಆರಂಭದಲ್ಲಿ, ವಾದ್ಯಗಳು ಶುರುವಾಗುವ ಮೊದಲು, ಅರ್ಧ ನಿಮಿಷ ಬರಿಯ ಗುನುಗು. ನಾನು ಎದ್ದು ಕೂತೆ. ಹಾಸ್ಟೆಲಿನಲ್ಲಿ ಬಟ್ಟೆ ಒಗೆಯುವಾಗ ನಾನು ಗುನುಗುತ್ತಿದ್ದ ರಾಗ ಅದು. ನನ್ನ ಅಜ್ಜಿಯದು. ಬದನವಾಳಿನ ಖಾದಿ ಕೇಂದ್ರದಲ್ಲಿ ನಲವತ್ತು ವರ್ಷ ನೂಲು ತೆಗೆದ ನನ್ನ ಅಜ್ಜಿ, ಅಮ್ಮನ ತಾಯಿ, ಚರಕ ತಿರುಗಿಸುವಾಗ ಮಾತಿಲ್ಲದೆ ಹಾಡುತ್ತಿದ್ದದ್ದು. ಅಜ್ಜಿ ತೀರಿಹೋಗಿ ಆಗ ಎರಡು ವರ್ಷವಾಗಿತ್ತು. ಅವಳ ಆಸ್ತಿಯೆಂದರೆ ಅದೊಂದೇ, ಅದು ನನಗೆ ಬಂದದ್ದು ಎಂದು ನಾನು ಒಳಗೊಳಗೇ ಖಾತ್ರಿ ಮಾಡಿಕೊಂಡಿದ್ದೆ. ಅದನ್ನು ಇವಳು ನನ್ನ ಬಾಯಿಂದ ಕದ್ದಿದ್ದಾಳೆ. ಕದ್ದದ್ದನ್ನು ಸರಿಯಾಗಿ ಹಾಡಿಯೂ ಇಲ್ಲ. ಮೂರನೆಯ ತಿರುವಿನಲ್ಲಿ ದನಿ ಒಡೆದಿದೆ.

ಮರುದಿನ ಅಮ್ಮ ರಾಗಿ ಬೀಸಿಸಲು ಗಿರಣಿಗೆ ಹೋದಾಗ ಸೆಲೋಟೇಪ್ ಕತ್ತರಿಸಿದೆ. ಶ್ರುತಿಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡೆ. ಅವಳ ಗುನುಗಿನ ಮೇಲೆ, ಅಷ್ಟೇ ಅಳತೆಗೆ, ನನ್ನ ಗುನುಗನ್ನು ರೆಕಾರ್ಡ್ ಮಾಡಿದೆ. ಮೂರನೆಯ ತಿರುವಿನಲ್ಲಿ ಎಲ್ಲೂ ಒಡೆಯದಂತೆ, ನುಣ್ಣಗೆ. ಕೇಳಿದೆ. ನಿರ್ದೋಷವಾಗಿತ್ತು. ಯಾರಿಗೂ ಕೇಳಿಸಬೇಕೆಂಬ ಉದ್ದೇಶ ಇರಲಿಲ್ಲ. ಅದು ನನ್ನದೆಂದು ಒಂದು ಕಡೆಯಾದರೂ ದಾಖಲಾಗಿರಲಿ, ಅಷ್ಟೆ.

ಭಾನುವಾರ ನರಸೀಪುರದ ಕಲ್ಯಾಣ ಮಂಟಪದಲ್ಲಿ ನಾನು ಪ್ರಾರ್ಥನೆ ಹಾಡಿದೆ. ಮೈಕು ನನ್ನ ಗದ್ದದಿಂದ ಒಂದು ಗೇಣು ಮೇಲಿತ್ತು. ಹಾಡಿ ಬಂದು ಎರಡನೆಯ ಸಾಲಿನಲ್ಲಿ ಅಮ್ಮನ ಪಕ್ಕ ಕೂತೆ. ಗಣ್ಯರು ಬಣ್ಣದ ಕಾಗದ ಬಿಚ್ಚಿ ಕ್ಯಾಸೆಟ್ಟುಗಳನ್ನು ತಲೆಯ ಮೇಲೆ ಎತ್ತಿ ಹಿಡಿದರು, ಚಪ್ಪಾಳೆ ಬಿತ್ತು, ಫೋಟೋ ತೆಗೆದರು. ಇನ್ನು ಆ ಕ್ಯಾಸೆಟ್ ಹಾಕಬೇಕು, ಮಣಿ ಮೈಕು ಹಿಡಿದು ಅದಕ್ಕೆ ತುಟಿಯಾಡಿಸಬೇಕು. ವಾದ್ಯದವರನ್ನೆಲ್ಲ ಕರೆತರಲಾಗದ ಊರುಗಳಲ್ಲಿ ಪ್ರಚಾರದ ಪದ್ಧತಿ ಅದೇ ಆಗಿತ್ತು. ಮೈಕಿನವನು ಅಧ್ಯಕ್ಷರ ಕೈಯಲ್ಲಿದ್ದ ಡಬ್ಬಿ ಇಸಿದುಕೊಂಡು ತೆರೆದ. ಖಾಲಿ. ಇನ್ನೊಂದು ತೆರೆದ. ಅದೂ ಖಾಲಿ. ಅಧ್ಯಕ್ಷರು ಮೂರನೆಯದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದರು.

ಕಾರ್ಯಕ್ರಮದ ಹೊಣೆ ಹೊತ್ತಿದ್ದವನು ಮಣಿಯ ಸೋದರಮಾವ. ಡಬ್ಬಿಗಳು ಬಂದಿದ್ದವು, ಒಳಗಿನ ಕ್ಯಾಸೆಟ್ಟುಗಳನ್ನು ತರುವ ವ್ಯಾನು ಬೆಂಗಳೂರಿನಿಂದ ಇನ್ನೂ ಬಂದಿರಲಿಲ್ಲ. ಅವನು ಖಾಲಿ ಡಬ್ಬಿಗಳಿಗೇ ಬಣ್ಣದ ಕಾಗದ ಸುತ್ತಿಸಿಬಿಟ್ಟಿದ್ದ.

"ಎತ್ತಿ ತೋರ್ಸೋದು ಡಬ್ಬಿ ತಾನೆ ಸಾ, ಒಳೀಕೆ ಯಾರು ಬಗ್ಗಿ ನೋಡ್ತಾರೆ ಅಂದ್ಕಂಡೆ," ಎಂದು ಅಧ್ಯಕ್ಷರಿಗೆ ಸಮಜಾಯಿಷಿ ಹೇಳಿ, ಸಾಲುಗಳ ನಡುವೆ ಬಗ್ಗಿಕೊಂಡು ಓಡಿಬಂದ. "ಯಾರತ್ರನಾದ್ರೂ ಒಂದು ಐತಾ? ಮಾನ ಉಳಿಸ್ರವ್ವ."

"ನಮ್ಮತ್ರ ಐತೆ ಕಣಪ್ಪ," ಎಂದಳು ಅಮ್ಮ. ಮಣಿಯಿಂದ ಸಹಿ ಹಾಕಿಸಿಕೊಳ್ಳಬೇಕೆಂದು ಕ್ಯಾಸೆಟ್ಟನ್ನು ನನಗೆ ಹೇಳದೆ ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು.

"ಬೇಡ ಅಮ್ಮ," ಎಂದು ಅವಳ ಕೈ ಹಿಡಿದೆ.

"ಯಾಕೇ? ಒಂದ್ಸಲ ಹಾಕುದ್ರೆ ಸವೆದೋದದಾ?"

ಕ್ಯಾಸೆಟ್ಟು ನಮ್ಮ ಕೈ ದಾಟಿ ಹೋಯಿತು. ವೇದಿಕೆಯ ಮೇಲೆ ಮಣಿ ಕಣ್ಣು ಮುಚ್ಚಿ, ಮೈಕನ್ನು ತುಟಿಯ ಹತ್ತಿರ ತಂದುಕೊಂಡಳು. ಶ್ರುತಿಪೆಟ್ಟಿಗೆಯ ಗುಯ್‌ಗುಡುವಿಕೆ ಮಂಟಪವನ್ನೆಲ್ಲ ತುಂಬಿತು. ಅದರ ಹಿಂದೆಯೇ ನನ್ನ ದನಿ.

ಅವಳು ಕಣ್ಣು ತೆರೆದಳು. ಇಡೀ ಸಭೆಯಲ್ಲಿ ಸೀದಾ ನನ್ನನ್ನೇ ನೋಡಿದಳು. ಆ ಕ್ಷಣ ಅವಳು ಕೈ ಎತ್ತಿ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ಮೈಕಿನವನು, ಸೋದರಮಾವ, ಅಧ್ಯಕ್ಷರು ಎಲ್ಲರೂ ಇದು ಯಾರ ಕ್ಯಾಸೆಟ್ಟೆಂದು ಕೇಳುತ್ತಿದ್ದರು, ಅಮ್ಮ ಹೆಮ್ಮೆಯಿಂದ ಎದ್ದು ನಿಲ್ಲುತ್ತಿದ್ದಳು. ಅವಳು ನಿಲ್ಲಿಸಲಿಲ್ಲ. ಕಣ್ಣನ್ನು ನನ್ನಿಂದ ತೆಗೆಯದೆ, ನನ್ನ ದನಿಗೆ ತುಟಿಯಾಡಿಸಿದಳು.

ನನ್ನ ದನಿ ಅಷ್ಟು ದೊಡ್ಡದಾಗಿ ಮೊಳಗಿದ್ದು ಅದೊಂದೇ ಸಲ. ಆ ಅರ್ಧ ನಿಮಿಷದಲ್ಲಿ ನಾನು ಜನರನ್ನು ನೋಡಿದೆ. ಹಿಂದಿನ ಸಾಲಿನವರು ಕಡಲೆಕಾಯಿ ಸುಲಿಯುತ್ತಿದ್ದರು. ಅಧ್ಯಕ್ಷರು ಖಾಲಿ ಡಬ್ಬಿಯ ಮುಚ್ಚಳ ತೆರೆದು ಮುಚ್ಚುತ್ತಿದ್ದರು. ಮಣಿಯಂಥವಳ ಬಾಯಿಗೆ ಬಂದರೂ ನನ್ನ ಹಾಡು ಪ್ರಾರ್ಥನೆಯಾಗಿಯೇ ಉಳಿದಿತ್ತು.

"ಮಣಿ ದನಿ ಇಲ್ಲಿ ನಿನ್ನ ದನಿ ತರಾನೇ ಕೇಳ್ತದಲ್ಲೇ," ಎಂದಳು ಅಮ್ಮ, ಆಕಳಿಕೆ ತಡೆಯುತ್ತ.

ಟಕ್ಕೆಂದು ಶಬ್ದವಾಗಿ ನನ್ನ ಪಾಲು ಮುಗಿಯಿತು. ಡ್ರಮ್ಮು, ಗಿಟಾರು, ಒರಟು ದನಿಯ ಪಲ್ಲವಿ. ಕಡಲೆಕಾಯಿ ಸುಲಿಯುವ ಕೈಗಳು ನಿಂತವು. ಪಲ್ಲವಿ ಮುಗಿದ ಮೇಲೆ ಅದೇ ಗುನುಗು ಮತ್ತೆ ಬಂತು, ಈ ಸಲ ಮಣಿಯದೇ. ಮೂರನೆಯ ತಿರುವಿನಲ್ಲಿ ಒಡೆಯಿತು. ಅಮ್ಮ ನನ್ನ ಮೊಣಕೈ ಹಿಡಿದಳು.

"ಇದು ನಮ್ಮವ್ವ ಕಣೇ," ಎಂದಳು. "ನೂಲು ಕಿತ್ತೋದಾಗ ಹಿಂಗೇ ನಿಲ್ಸಿ, ಗಂಟು ಹಾಕಿ, ತಿರ್ಗಾ ಎತ್ಕೊಳ್ಳೋಳು." ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ಒಂದು ನಿಮಿಷದ ಹಿಂದೆ ಅದೇ ರಾಗವನ್ನು ಅವಳ ಮಗಳೇ ಹಾಡಿದ್ದಳು, ಅವಳಿಗೆ ಆಕಳಿಕೆ ಬಂದಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಊಟದ ಮನೆಯ ಬಾಗಿಲಲ್ಲಿ ಮಣಿ ಸಿಕ್ಕಳು. ಅಮ್ಮನ ಕೈಯಿಂದ ಕ್ಯಾಸೆಟ್ ತೆಗೆದುಕೊಂಡು ಸಹಿ ಮಾಡಿದಳು. ಅಮ್ಮ ಎಲೆಯ ಮುಂದೆ ಕೂರಲು ಹೋದಳು. ನಾನು ಕ್ಷಮೆ ಕೇಳಬೇಕಿತ್ತು. ಬಾಯಿಗೆ ಬಂದದ್ದು ಬೇರೆಯೇ.

"ಆ ರಾಗ ನಂದು," ಎಂದೆ.

"ನಿಂದಾ?" ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಬದನವಾಳಿಗೆ ಕರ್ಕೊಂಡು ಹೋಗಿದ್ಯಲ್ಲ, ನೀನು ಒಳಗೆ ಪರೀಕ್ಷೆಗೆ ಓದ್ತಿದ್ದೆ, ನಾನು ಮಧ್ಯಾಹ್ನ ಎಲ್ಲಾ ಜಗಲಿ ಮೇಲೆ ಅಜ್ಜಿ ಜೊತೆ ಕೂತಿದ್ದೆ. ಹೇಳ್ಕೊಡಿ ಅಂದೆ, ಹೇಳ್ಕೊಟ್ರು. ಹಾಡ್ಕೊಳ್ಳವ್ವ, ಯಾರೂ ಕೇಳಿಲ್ಲ ಇದ್ನ ಅಂದ್ರು. ನಿಂಗೆ ಹೇಳ್ಕೊಟ್ಟಿರ್ಲಿಲ್ವಾ?"

"ನಾನು ಕೇಳಿರಲಿಲ್ಲ."

ಅವಳು ಕ್ಯಾಸೆಟ್ಟನ್ನು ಮಗುಚಿದಳು. ಬೆನ್ನಿನ ಮೇಲಿನ ಸೆಲೋಟೇಪಿನ ಒಂದು ಅಂಚು ಎದ್ದಿತ್ತು. ಅದನ್ನು ಹೆಬ್ಬೆರಳಿನಿಂದ ಒತ್ತಿ, ಎರಡು ಸಲ ಉಜ್ಜಿ, ಗಟ್ಟಿಯಾಗಿ ಕೂರಿಸಿ ನನ್ನ ಕೈಗೆ ಕೊಟ್ಟಳು.

"ಎದ್ದೋಗ್ತಿತ್ತು ನೋಡು," ಎಂದಳು. "ಬಾ, ಊಟಕ್ಕೆ ಕೂರೋಣ. ಹೊಟ್ಟೆ ಹಸಿದು ಸಾಯ್ತಾ ಇವ್ನಿ."

ಅವಳು ಅದನ್ನು ಕ್ಷಮೆಯಾಗಿ ಮಾಡಿದಳೋ, ಹಂಗಿಸಿದಳೋ, ಅಥವಾ ಎದ್ದ ಅಂಚನ್ನು ಕಂಡರೆ ಒತ್ತುವ ಬರಿಯ ಅಭ್ಯಾಸವೋ, ಇಂದಿಗೂ ತಿಳಿಯದು. ಇದಾಗಿ ಏಳೆಂಟು ವರ್ಷವಾಯಿತು. ಅವಳ ನಾಲ್ಕನೆಯ ಆಲ್ಬಂ ಬಂದಿದೆ, ಸಿಡಿಯಲ್ಲಿ. ಪೋಸ್ಟರು ಕಂಡರೆ ನಾನು ಈಗಲೂ ಮೇಕೆಯನ್ನು ಹುಡುಕುತ್ತೇನೆ. ಇಷ್ಟು ಹೇಳಿದ ಮೇಲೆ ನಿಮ್ಮ ಮುಂದೆ ಒಳ್ಳೆಯವಳಾಗುವ ನಾಟಕ ಬೇಡ.

ಆದರೆ ಕಳೆದ ತಿಂಗಳು ಮನೆಗೆ ಸುಣ್ಣ ಬಳಿಸುವಾಗ ಬೀರು ಖಾಲಿ ಮಾಡಬೇಕಾಯಿತು. ಕ್ಯಾಸೆಟ್ ಸಿಕ್ಕಿತು, ಅಟ್ಟದ ಮೇಲಿದ್ದ ಹಳೆಯ ಟೇಪ್ ರೆಕಾರ್ಡರಿಗೆ ಹಾಕಿದೆ. ನನ್ನ ದನಿ ಬಂತು, ನಿರ್ದೋಷವಾಗಿ. ಆ ಯಂತ್ರ ಅಗ್ಗದ್ದು, ಹಳೆಯದನ್ನು ಪೂರ್ತಿ ಅಳಿಸುವ ಕಸುವು ಅದಕ್ಕಿರಲಿಲ್ಲವೆಂದು ಕಾಣುತ್ತದೆ. ಮೂರನೆಯ ತಿರುವಿನಲ್ಲಿ ನಾನು ಉಸಿರೆಳೆದುಕೊಳ್ಳುವ ಕಡೆ, ನನ್ನ ಮೌನದ ಅಡಿಯಿಂದ, ಗೋಡೆಯಾಚೆಯ ದನಿಯಂತೆ ಮಣಿ ಕೇಳಿಸಿದಳು. ಒಡೆದು, ನಿಂತು, ಮತ್ತೆ ಎತ್ತಿಕೊಂಡಳು. ಅಡುಗೆಮನೆಯಿಂದ ಅಮ್ಮ ಬಂದು ಬಾಗಿಲಲ್ಲಿ ನಿಂತಳು. ಯಾರ ದನಿ ಕೇಳಿ ಬಂದಳೆಂದು ನಾನು ಕೇಳಲಿಲ್ಲ.

ಉಗುರಿನಿಂದ ಸೆಲೋಟೇಪಿನ ಚೂರನ್ನು ಕಿತ್ತೆ. ಹಳದಿಯಾಗಿತ್ತು, ಸುಲಭವಾಗಿ ಬಂತು. ಕುಳಿ ಮತ್ತೆ ತೆರೆದುಕೊಂಡಿತು. ಕೆಂಪು ಬಟನ್ನು ಒತ್ತಿ ನೋಡಿದೆ, ಕೆಳಗಿಳಿಯಲಿಲ್ಲ. ಆರಂಭದಲ್ಲಿ ಈ ಚೂರು ಕ್ಯಾಸೆಟ್ಟಿನ ಬೆನ್ನಿಗೆ ಅಂಟಿಕೊಂಡಿದೆ ಎಂದಿದ್ದೆ. ಇಲ್ಲ, ಈಗ ಅದು ನಾನು ಬರೆಯುತ್ತಿರುವ ಈ ಹಾಳೆಯ ಅಂಚಿಗೆ ಅಂಟಿದೆ.