ಮೂಗಿನ ಮೇಡಂ

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ‘ಮೂಗಿನ ಮೇಡಂ’ ಎಂದೇ ಕರೆಯುತ್ತಿದ್ದರು. ಅಮೋನಿಯಾ ಎಳ್ಳಷ್ಟು ಸೋರಿದರೂ ಯಾರಿಗಿಂತಲೂ ಮೊದಲು ಅವಳಿಗೆ ತಿಳಿಯುತ್ತಿತ್ತು. ಕಾರ್ಖಾನೆಯ ಹೊಗೆಯಲ್ಲಿರುವ ಅಮೋನಿಯಾವನ್ನು ನಿರುಪದ್ರವಿ ಸಾರಜನಕವಾಗಿ ಬದಲಿಸುವ ಪುಡಿ ತಯಾರಿಸುವುದು ಅವಳ ಕೆಲಸ. ತಾಮ್ರ, ಮೆಗ್ನೀಸಿಯಂ, ಅಲ್ಯೂಮಿನಿಯಂ ಲವಣಗಳ ನೀರನ್ನು ಕ್ಷಾರದ ಜೊತೆ ಹನಿಹನಿಯಾಗಿ ಸೇರಿಸಿದರೆ ಪದರ ಪದರವಾದ ಹೈಡ್ರಾಕ್ಸೈಡ್ ತಳಕ್ಕೆ ಕೂರುತ್ತದೆ. ಅದನ್ನು ತೊಳೆದು, ಒಣಗಿಸಿ, ಕುಲುಮೆಯಲ್ಲಿ ಸುಟ್ಟರೆ ಮೂರೂ ಲೋಹ ಬೆರೆತ ಆಕ್ಸೈಡ್ ಪುಡಿ ಸಿದ್ಧ.

ಒಂದು ವರ್ಷ ಬಂದ ಜ್ವರ ಅವಳ ವಾಸನೆಯ ಶಕ್ತಿಯನ್ನೇ ಹೊತ್ತೊಯ್ದಿತು. ಒಲೆಯ ಮೇಲೆ ಹಾಲು ಸೀದು ಕರಿಯಾದರೂ ಪಕ್ಕದಲ್ಲೇ ನಿಂತವಳಿಗೆ ಗೊತ್ತಾಗದಿದ್ದಾಗ ಗಂಡ ಗಾಬರಿಯಾದ.

“ನಾಳೆನೇ ಆಫೀಸಲ್ಲಿ ಹೇಳ್ಬಿಡು.”

“ಹೇಳಿದ್ರೆ ಮೇಜಿನ ಮುಂದೆ ಕೂರಿಸ್ತಾರೆ. ಇಷ್ಟು ವರ್ಷದ ಕೆಲಸ ಇನ್ನೊಬ್ಬರ ಪಾಲಾಗುತ್ತೆ. ತಾನಾಗೇ ಸರಿಹೋಗುತ್ತೆ ಬಿಡ್ರೀ.”

“ಅಲ್ಲೀವರೆಗೂ ಮೂಗು ಮುಖದ ಮೇಲೆ ಶೋಕಿಗಾ?” ಎಂದು ಗಂಡ ರೇಗಿದ.

ಹೊಸ ಪುಡಿಯ ಪರೀಕ್ಷೆಯ ದಿನ ಬಂತು. ಗಾಜಿನ ಗೋಡೆಯಾಚೆ ಸಹೋದ್ಯೋಗಿ ಗೆಳತಿ, ಪುಡಿ ದಾಟಿ ಬರುವ ಅನಿಲದ ಮಾಪಕ ನೋಡುತ್ತಿದ್ದಳು. ಒಳಗೆ, ಪುಡಿ ತುಂಬಿದ ಬಿಸಿ ಕೊಳವೆಯ ಬಳಿ ಇವಳೊಬ್ಬಳೇ.

“ಅಮೋನಿಯಾ ಇಳೀತಾ ಇದೆ ಕಣೇ! ಸೊನ್ನೆಗೇ ಬಂತು! ಗೆದ್ದೆ ನೀನು!”

“ಸಾರಜನಕ ಎಷ್ಟು ಏರಿದೆ?”

“ಅದಾ... ಏರೇ ಇಲ್ಲವಲ್ಲ.”

ಅವಳಿಗೆ ಥಟ್ಟನೆ ಹೊಳೆಯಿತು. ಅಮೋನಿಯಾ ಬದಲಾಗಿದ್ದರೆ ಸಾರಜನಕ ಹುಟ್ಟಲೇಬೇಕು. ಹುಟ್ಟಿಲ್ಲವೆಂದರೆ ಅನಿಲ ಪುಡಿಯವರೆಗೆ ಬಂದೇ ಇಲ್ಲ. ದಾರಿಯಲ್ಲೇ ಸೋರುತ್ತಿದೆ, ಇದೇ ಕೋಣೆಯೊಳಗೆ. ಕಣ್ಣು ಆಗಲೇ ಮೆಣಸಿನಪುಡಿ ಬಿದ್ದಂತೆ ಉರಿಯುತ್ತಿತ್ತು. ಕೊಳವೆಯ ಕಾವೆಂದುಕೊಂಡು ಸುಮ್ಮನಿದ್ದಳು!

ಗೆಳತಿ ಬಾಗಿಲಿಗೆ ಕೈ ಹಾಕಿದ್ದು ಕಂಡಿತು.

“ಒಳಗ್ ಬರ್ಬೇಡ!”

ಕೂಗು ಅರ್ಧಕ್ಕೇ ಕೆಮ್ಮಾಯಿತು. ಉಸಿರು ಬಿಗಿಹಿಡಿದು, ಗೋಡೆ ತಡವುತ್ತ ಅಮೋನಿಯಾ ಸಿಲಿಂಡರಿನ ಬಳಿ ಹೋದಳು. ತಿರುಗಣೆ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಎರಡೂ ಕೈ ಹಾಕಿ ಮೈಭಾರವನ್ನೆಲ್ಲ ಬಿಟ್ಟಳು. ಕಿರ್ರೆಂದು ತಿರುಗಿ ಮುಚ್ಚಿಕೊಂಡಿತು. ಹೊರಗೆ ಬಂದು ಕುಸಿದಳು.

ಗೆಳತಿ ಅವಳ ಕಣ್ಣಿಗೆ ನೀರು ಹೊಯ್ದಳು. “ಬಾಗಿಲ ಸಂದಿಂದ್ಲೇ ನಂಗೆ ತಲೆ ಸಿಡೀತು. ನಿಂಗೆ ಹೇಗೆ ಗೊತ್ತಾಗ್ಲಿಲ್ಲ?”

“ವಾಸನೆ ಬರಲ್ಲ ಕಣೇ. ಜ್ವರ ಬಂದಾಗಿಂದ.”

ಓಡಿ ಬಂದಿದ್ದ ಪ್ರಯೋಗಾಲಯದ ಮುಖ್ಯಸ್ಥೆಗೂ ಅದು ಕೇಳಿಸಿತು. ಅವರು ಬೈಯಲಿಲ್ಲ, ಅದೇ ಅವಳಿಗೆ ಹೆಚ್ಚು ಹೆದರಿಕೆ ತಂದಿತು.

“ಅನಿಲ ಸೋರಿದ್ರೆ ಕೂಗೋ ಗಂಟೆ ಹಾಕಿಸೋವರೆಗೂ ಆ ಕೋಣೆಗೆ ಬೀಗ. ನೀವು ಮೊದ್ಲು ಡಾಕ್ಟರ್ ಹತ್ರ ಹೋಗಿ. ಪುಡಿ ಎಲ್ಲೂ ಓಡಿಹೋಗಲ್ಲ.”

ವೈದ್ಯರು ವಾಸನೆ ಮರಳುವ ಭರವಸೆ ಕೊಡಲಿಲ್ಲ. ಸೋರುತ್ತಿದ್ದ ಜಾಗ ರಿಪೇರಿಯಾಗಿ, ಗಂಟೆ ಬಂದ ಮೇಲೆ ಗೆಳತಿಯರಿಬ್ಬರೂ ಜೊತೆಗೇ ನಿಂತು ಪರೀಕ್ಷೆ ನಡೆಸಿದರು. ಈ ಸಲ ಅಮೋನಿಯಾ ಸೊನ್ನೆಗಿಳಿಯಲಿಲ್ಲ, ಆದರೆ ಮುಕ್ಕಾಲು ಪಾಲು ಸಾರಜನಕವಾಯಿತು. ತಾಮ್ರ ಹೆಚ್ಚಿಸಬೇಕೋ ಕುಲುಮೆಯ ಕಾವು ತಗ್ಗಿಸಬೇಕೋ ಎಂದು ಜಗಳವಾಡುತ್ತಲೇ ಇಬ್ಬರೂ ಊಟಕ್ಕೆ ಹೋದರು.